ಚುನಾವಣಾ ಪದ್ಧತಿ ಹೇಗಿರಬೇಕೆಂದು ಸಾಮಾನ್ಯ ಮತದಾರರೇ ಕೂತು ಯೋಚಿಸಿದ್ದುಂಟೇ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2004ರಲ್ಲಿ ಇದು ನಡೆಯಿತು. ಭಾರತದಂತೆ ಅಲ್ಲಿಯೂ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 1996ರಲ್ಲಿ ಮತಗಳಿಕೆಯಲ್ಲಿ ಹಿಂದಿದ್ದ ಪಕ್ಷ ಅಧಿಕಾರ ಹಿಡಿಯಿತು. 2001ರಲ್ಲಿ ಸುಮಾರು ಶೇ 58 ಮತ ಪಡೆದ ಲಿಬರಲ್ ಪಕ್ಷಕ್ಕೆ 79ರಲ್ಲಿ 77 ಸ್ಥಾನಗಳು ದಕ್ಕಿದವು. ಹಳೆಯ ಪದ್ಧತಿಯಿಂದ ಇಷ್ಟು ಲಾಭ ಪಡೆದ ಪಕ್ಷವೇ ಅದರ ಪರಿಶೀಲನೆಯನ್ನು ನಾಗರಿಕರ ಸಭೆಗೆ ಒಪ್ಪಿಸಿತು. ಇದು ನಿಜಕ್ಕೂ ಅಪರೂಪದ ನಡೆ.

ಪ್ರತಿ ಕ್ಷೇತ್ರದಿಂದ ಒಬ್ಬ ಪುರುಷ, ಒಬ್ಬ ಮಹಿಳೆ, ಜೊತೆಗೆ ಇಬ್ಬರು ಮೂಲನಿವಾಸಿಗಳು, ಹೀಗೆ 160 ಸದಸ್ಯರನ್ನು ಚೀಟಿ ಎತ್ತುವ ಕ್ರಮದಲ್ಲಿ ಆರಿಸಲಾಯಿತು. ಅವರು ಮೊದಲು ಬೇರೆ ಬೇರೆ ದೇಶಗಳ ಪದ್ಧತಿಗಳನ್ನು ಅಭ್ಯಾಸ ಮಾಡಿದರು, ಊರೂರಲ್ಲಿ ಜನರ ಅಹವಾಲು ಕೇಳಿದರು, ಆಮೇಲೆ ಚರ್ಚೆಗೆ ಕೂತರು. ಕೊನೆಗೆ 146 ಮಂದಿ ಏಕ ವರ್ಗಾವಣೀಯ ಮತ ಪದ್ಧತಿಯ ಪರ ನಿಂತರು. ವಿರೋಧಿಸಿದವರು ಏಳೇ ಮಂದಿ. ಈ ಪದ್ಧತಿಯಲ್ಲಿ ಒಂದು ಕ್ಷೇತ್ರಕ್ಕೆ ಹಲವು ಪ್ರತಿನಿಧಿಗಳು. ಮತದಾರ ತನ್ನ ಒಲವಿನಂತೆ ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕಿ ಹಾಕುತ್ತಾನೆ. ಗೆಲುವಿಗೆ ಬೇಕಾದುದಕ್ಕಿಂತ ಮಿಕ್ಕ ಮತಗಳು, ಕಣದಿಂದ ಹೊರಬಿದ್ದವರ ಮತಗಳು ಮುಂದಿನ ಆಯ್ಕೆಗೆ ಹೋಗುತ್ತವೆ. ಕರ್ನಾಟಕದ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವುದೂ ಹೀಗೆಯೇ.

2005ರ ಜನಮತ ಸಂಗ್ರಹದಲ್ಲಿ ಶೇ 57.7 ಮತದಾರರು ಒಪ್ಪಿದರು. 79ರಲ್ಲಿ 77 ಕ್ಷೇತ್ರಗಳು ಪರವಾಗಿದ್ದರೂ ಸರ್ಕಾರ ಮೊದಲೇ ಗೊತ್ತುಪಡಿಸಿದ್ದ ಶೇ 60ರ ಗಡಿ ದಾಟಲಿಲ್ಲ. ಬಹುಮತ ಸ್ಪಷ್ಟವಾಗಿದ್ದೂ ಸುಧಾರಣೆ ನಿಂತುಹೋದದ್ದು ವಿಷಾದದ ಸಂಗತಿ. 2009ರಲ್ಲಿ ಮತ್ತೆ ಮತಕ್ಕೆ ಹಾಕಿದಾಗ ಬೆಂಬಲ ಸುಮಾರು ಶೇ 39ಕ್ಕೆ ಕುಸಿಯಿತು. 2018ರಲ್ಲಿಯೂ ಹಳೆಯ ಪದ್ಧತಿಯೇ ಉಳಿಯಿತು.