ಎಚ್1ಎನ್1 ಜ್ವರ: ಹರಡುವ ಬಗೆ, ಅಪಾಯದ ಲಕ್ಷಣಗಳು ಹಾಗೂ ಗ್ರಾಮ ಪಂಚಾಯತಿಯ ಹೊಣೆ

ಜನರ ಮಾತಿನಲ್ಲಿ ‘ಹಂದಿ ಜ್ವರ’ ಎಂದು ಹೆಸರಾಗಿರುವ ಎಚ್1ಎನ್1 ಇನ್‌ಫ್ಲುಯೆಂಜಾ ಮನುಷ್ಯರಿಂದ ಮನುಷ್ಯರಿಗೆ ಹರಡುವ ಉಸಿರಾಟದ ಸೋಂಕು. ಹೆಸರಿನಲ್ಲಿ ಹಂದಿ ಇರುವುದರಿಂದ ಊರಿನಲ್ಲಿ ಒಂದು ಪ್ರಕರಣ ಕಂಡೊಡನೆ ಹಂದಿಗಳನ್ನು ಊರಾಚೆ ಅಟ್ಟುವ ಬೇಡಿಕೆ ಮೊದಲು ಕೇಳಿಬರುವುದುಂಟು. ಅದರಿಂದ ಈ ರೋಗ ನಿಲ್ಲುವುದಿಲ್ಲ. ಜ್ವರ ಬಂದ ಗರ್ಭಿಣಿಯನ್ನು, ಮಧುಮೇಹಿಯನ್ನು, ವೃದ್ಧರನ್ನು ಸಕಾಲದಲ್ಲಿ ವೈದ್ಯರ ಬಳಿಗೆ ತಲುಪಿಸುವುದರಿಂದ ಜೀವಗಳು ಉಳಿಯುತ್ತವೆ. ಗ್ರಾಮ ಪಂಚಾಯತಿ ಸದಸ್ಯರ ಗಮನ ಮೊದಲು ಹರಿಯಬೇಕಾದುದು ಇತ್ತ ಕಡೆಗೆ.

ಹಿನ್ನೆಲೆ

ಹಂದಿ, ಹಕ್ಕಿ ಹಾಗೂ ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುಗಳಿಂದ ಬಂದ ವಂಶವಾಹಿಗಳು ಕೂಡಿ ರೂಪುಗೊಂಡ ಈ ಹೊಸ ವೈರಾಣು 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಮತ್ತು ಅಮೆರಿಕಗಳಲ್ಲಿ ಪತ್ತೆಯಾಯಿತು. 2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಪಿಡುಗೆಂದು ಘೋಷಿಸಿತು. ಭಾರತದಲ್ಲಿ ಮೊದಲ ಸಾವು ಅದೇ ವರ್ಷದ ಆಗಸ್ಟ್‌ನಲ್ಲಿ ಪುಣೆಯಲ್ಲಿ ಸಂಭವಿಸಿತು. 2010ರ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತೆಂದು ಸಾರಲಾಯಿತಾದರೂ ವೈರಾಣು ಮರೆಯಾಗಲಿಲ್ಲ. ಋತುಮಾನದ ಜ್ವರವಾಗಿ ಉಳಿದುಕೊಂಡು, 2015ರಲ್ಲಿ ದೇಶದಾದ್ಯಂತ ಮತ್ತೆ ತೀವ್ರವಾಗಿ ಹರಡಿತು.

2009ರಲ್ಲಿ ಈಜಿಪ್ಟ್ ದೇಶವು ತನ್ನಲ್ಲಿದ್ದ ಹಂದಿಗಳನ್ನು ಸಾಮೂಹಿಕವಾಗಿ ಕೊಲ್ಲಿಸಿತು. ಆದರೂ ಅಲ್ಲಿಗೆ ರೋಗ ಬಂದಿತು. ಹಂದಿ ಸಾಕುತ್ತಿದ್ದ ಕುಟುಂಬಗಳು ಜೀವನೋಪಾಯ ಕಳೆದುಕೊಂಡವು. ಚೆನ್ನಾಗಿ ಬೇಯಿಸಿದ ಹಂದಿಮಾಂಸದಿಂದ ಈ ಸೋಂಕು ತಗಲುವುದಿಲ್ಲ. ಹಂದಿಗಳನ್ನು ವಸತಿಯಿಂದ ದೂರವಿರಿಸಲು ಬೇರೆ ಕಾರಣಗಳಿವೆ: ಗ್ರಾಮ ನೈರ್ಮಲ್ಯ ಒಂದು, ಹಂದಿಯಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರ ಇನ್ನೊಂದು. ಅದು ವರ್ಷವಿಡೀ ನಡೆಯಬೇಕಾದ ಕೆಲಸ. ಎಚ್1ಎನ್1 ನೆಪದಲ್ಲಿ ಹಂದಿ ಸಾಕುವ ಕುಟುಂಬಗಳನ್ನು ದೂಷಿಸುವುದು ಸಲ್ಲದು.

ಹರಡುವ ಬಗೆ

ಸೋಂಕಿತರು ಕೆಮ್ಮಿದಾಗ, ಸೀನಿದಾಗ ಹೊರಬೀಳುವ ತುಂತುರು ಹನಿಗಳು ಹತ್ತಿರದವರ ಮೂಗು, ಬಾಯಿ ಸೇರುತ್ತವೆ. ಬಾಗಿಲ ಹಿಡಿ, ಬಸ್ಸಿನ ಕಂಬಿ, ಮೊಬೈಲ್ ಮುಂತಾದವುಗಳ ಮೇಲೆ ಬಿದ್ದ ಹನಿಗಳನ್ನು ಮುಟ್ಟಿದ ಕೈ ಮುಖಕ್ಕೆ ತಾಗಿದಾಗಲೂ ಸೋಂಕು ತಗಲಬಹುದು. ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನಗಳಲ್ಲಿ ಜ್ವರ, ಕೆಮ್ಮು, ಗಂಟಲು ನೋವು, ನೆಗಡಿ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಲಕ್ಷಣ ಕಾಣುವುದಕ್ಕೆ ಒಂದು ದಿನ ಮೊದಲಿನಿಂದ ಸುಮಾರು ಏಳು ದಿನಗಳವರೆಗೆ ರೋಗಿಯಿಂದ ಇತರರಿಗೆ ಹರಡಬಹುದು. ಮಕ್ಕಳಲ್ಲಿ ಈ ಅವಧಿ ಇನ್ನೂ ಹೆಚ್ಚು. ವೈರಾಣುವಿನ ಹೊರಪದರ ಕೊಬ್ಬಿನದಾದ್ದರಿಂದ ಸಾಬೂನು ಅದನ್ನು ನಾಶಪಡಿಸುತ್ತದೆ.

ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಹಾಗೂ ಮಳೆಗಾಲ ಇಳಿಯುವ ತಿಂಗಳುಗಳಲ್ಲಿ. ಸಂಕ್ರಾಂತಿಯ ವೇಳೆಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಶ್ರಾವಣದ ಜಾತ್ರೆ ಹಾಗೂ ಪಂಚಮಿ ಹಬ್ಬ ಇದೇ ಕಾಲಕ್ಕೆ ಒದಗುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಿಂದ ಕಬ್ಬು ಕಡಿಯಲು ಹಾಗೂ ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋದವರು ಹಬ್ಬಕ್ಕೆ ಊರು ಸೇರುತ್ತಾರೆ. ಆಲಮಟ್ಟಿಗೆ ಹುಬ್ಬಳ್ಳಿ–ಸೊಲ್ಲಾಪುರ ರೈಲು ಮಾರ್ಗವೂ ಇದೆ, ಜಲಾಶಯದ ಉದ್ಯಾನಗಳನ್ನು ನೋಡಲು ಬರುವ ಪ್ರವಾಸಿಗರೂ ಇದ್ದಾರೆ. ಆದ್ದರಿಂದ ಇಲ್ಲಿನ ಪಂಚಾಯತಿಗಳು ಈ ಎರಡೂ ಅವಧಿಗಳಿಗೆ ಮುಂಚಿತವಾಗಿಯೇ ಸಿದ್ಧವಾಗಿರುವುದು ಅಗತ್ಯ.

ಮೂರು ವರ್ಗಗಳು

ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ.

‘ಎ’ ವರ್ಗ: ಸೌಮ್ಯ ಜ್ವರ, ಕೆಮ್ಮು, ಗಂಟಲು ನೋವು. ಎಚ್1ಎನ್1 ಪರೀಕ್ಷೆ ಬೇಕಿಲ್ಲ. ಮನೆಯಲ್ಲಿ ಪ್ರತ್ಯೇಕವಾಗಿ ವಿಶ್ರಾಂತಿ ಪಡೆಯಬೇಕು. 24ರಿಂದ 48 ಗಂಟೆಗಳಲ್ಲಿ ಸ್ಥಿತಿಯನ್ನು ಮತ್ತೆ ಗಮನಿಸಬೇಕು.

‘ಬಿ’ ವರ್ಗ: ತೀವ್ರ ಜ್ವರ ಹಾಗೂ ತೀವ್ರ ಗಂಟಲು ನೋವು ಇರುವವರು, ಜ್ವರ ಸೌಮ್ಯವಾಗಿದ್ದರೂ ಗರ್ಭಿಣಿಯರು, ಚಿಕ್ಕ ಮಕ್ಕಳು, 65 ವರ್ಷ ದಾಟಿದವರು, ಮಧುಮೇಹ ಅಥವಾ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಉಳ್ಳವರು. ಇವರು ತಡಮಾಡದೆ ವೈದ್ಯರನ್ನು ಕಾಣಬೇಕು. ಒಸೆಲ್ಟಾಮಿವಿರ್ ಔಷಧವು ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭವಾದರೆ ಅತಿ ಹೆಚ್ಚು ಪರಿಣಾಮಕಾರಿ. ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

‘ಸಿ’ ವರ್ಗ: ಉಸಿರಾಟದ ತೊಂದರೆ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು, ಮಕ್ಕಳಲ್ಲಿ ಹಾಲು ಅಥವಾ ಆಹಾರ ನಿರಾಕರಣೆ. ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಗಂಟಲು ದ್ರವದ ಪರೀಕ್ಷೆ ಈ ವರ್ಗದವರಿಗೆ ಅಗತ್ಯ. ಆದರೆ ವರದಿ ಬರಲೆಂದು ಚಿಕಿತ್ಸೆ ಕಾಯುವಂತಿಲ್ಲ.

ಊರಿನಲ್ಲಿಯೇ ಸೂಜಿ ಮಾಡಿಸಿ, ಸಲೈನ್ ಹಾಕಿಸಿ ಎರಡು ಮೂರು ದಿನ ನೋಡುವ ರೂಢಿಯಿಂದ ‘ಬಿ’ ವರ್ಗದವರು ‘ಸಿ’ ವರ್ಗಕ್ಕೆ ಜಾರುವ ಅಪಾಯವಿದೆ. ಪ್ರತಿಜೈವಿಕ ಔಷಧಗಳು ವೈರಾಣುವನ್ನು ಕೊಲ್ಲುವುದಿಲ್ಲ.

ಗ್ರಾಮ ಪಂಚಾಯತಿ ಕೈಗೊಳ್ಳಬೇಕಾದ ಕ್ರಮಗಳು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಸಾಂಕ್ರಾಮಿಕ ರೋಗಗಳ ತಡೆಯು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿದೆ. ಅದರಂತೆ:

1. ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಪ್ರತಿ ವಾರ್ಡಿನ ಗರ್ಭಿಣಿಯರು, ವೃದ್ಧರು, ದೀರ್ಘಕಾಲದ ರೋಗಿಗಳು ಯಾರೆಂಬುದನ್ನು ಮೊದಲೇ ತಿಳಿದಿರಬೇಕು. ಜ್ವರದ ಕಾಲದಲ್ಲಿ ಮೊದಲು ಭೇಟಿ ನೀಡಬೇಕಾದ ಮನೆಗಳು ಅವು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಜ್ವರ ಪ್ರಕರಣಗಳ ಪರಿಶೀಲನೆ ನಡೆಯಬೇಕು. ಒಂದೇ ಓಣಿಯಲ್ಲಿ ಅಥವಾ ಶಾಲೆಯಲ್ಲಿ ಹಲವರಿಗೆ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

3. ಗುಳೆಯಿಂದ ಮರಳಿದವರಲ್ಲಿ ಜ್ವರ, ಕೆಮ್ಮು ಇದ್ದರೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಬೇಕು. ಅವರನ್ನು ಊರಿನಿಂದ ಹೊರಗಿಡುವ ಮಾತು ಬರಬಾರದು; ಹೆದರಿದ ಕುಟುಂಬ ರೋಗವನ್ನು ಮುಚ್ಚಿಡುತ್ತದೆ.

4. ಶಾಲೆ, ಅಂಗನವಾಡಿ, ಜಾತ್ರೆಯ ದಾಸೋಹ ಸ್ಥಳಗಳಲ್ಲಿ ನೀರು, ಸಾಬೂನು ಇರುವಂತೆ ನೋಡಿಕೊಳ್ಳಬೇಕು. ಜ್ವರವಿರುವ ಮಗುವನ್ನು ಶಾಲೆಗೆ ಕಳುಹಿಸದಂತೆ ಪಾಲಕರಿಗೆ ತಿಳಿಹೇಳಬೇಕು.

5. ಕೆಮ್ಮುವಾಗ ಕರವಸ್ತ್ರ ಅಥವಾ ಮೊಣಕೈ ಅಡ್ಡ ಹಿಡಿಯುವುದು, ರೋಗಿ ಹಾಗೂ ಆರೈಕೆ ಮಾಡುವವರು ಮಾಸ್ಕ್ ಧರಿಸುವುದು, ಕಂಡಲ್ಲಿ ಉಗುಳದಿರುವುದು, ಇವುಗಳನ್ನು ಡಂಗುರ ಹಾಗೂ ಗ್ರಾಮ ಸಭೆಗಳ ಮೂಲಕ ತಿಳಿಸಬೇಕು.

6. ಅಪಾಯದ ಲಕ್ಷಣಗಳ ಪಟ್ಟಿಯನ್ನೂ 108 ಹಾಗೂ 104 ಸಂಖ್ಯೆಗಳನ್ನೂ ಪಂಚಾಯತಿ ಕಚೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣಗಳಲ್ಲಿ ಪ್ರದರ್ಶಿಸಬೇಕು.

ಹೆಚ್ಚಿನ ಅಪಾಯದಲ್ಲಿರುವವರಿಗೆ ಪ್ರತಿ ವರ್ಷ ಪಡೆಯಬೇಕಾದ ಲಸಿಕೆಯೂ ಇದೆ; ಈ ಕುರಿತು ವೈದ್ಯಾಧಿಕಾರಿಯ ಸಲಹೆ ಪಡೆಯಬಹುದು. ಎಚ್1ಎನ್1 ಬಂದ ಬಹುತೇಕರು ವಿಶ್ರಾಂತಿಯಿಂದಲೇ ಗುಣಮುಖರಾಗುತ್ತಾರೆ. ಎಲ್ಲರೂ ಭಯಪಡುವ ಕಾರಣವಿಲ್ಲ. ಗುಣವಾಗದೆ ಉಲ್ಬಣಗೊಳ್ಳುವ ಕೆಲವರನ್ನು ಮೊದಲ ಎರಡು ದಿನಗಳಲ್ಲಿಯೇ ಗುರುತಿಸುವ ಕೆಲಸ ತಾಲ್ಲೂಕು ಆಸ್ಪತ್ರೆಯಿಂದ ಆಗುವಂಥದ್ದಲ್ಲ. ವಾರ್ಡಿನ ಮನೆಮನೆಯನ್ನೂ ಬಲ್ಲ ಸದಸ್ಯರಿಂದ, ಆಶಾ ಕಾರ್ಯಕರ್ತೆಯಿಂದ ಮಾತ್ರ ಅದು ಸಾಧ್ಯ.