ಕೇಸು ಐದು ಕೋಟಿ, ಅಧ್ಯಯನಕ್ಕೆ ಕಾಸೆಲ್ಲಿ?

ನಾವು ಸಾಫ್ಟ್‌ವೇರ್‌ನವರಿಗೆ ಒಂದು ಅಭ್ಯಾಸ ಇದೆ. ಆ್ಯಪ್ ಹತ್ತು ನಿಮಿಷ ನಿಂತುಹೋದ್ರೂ ಮರುದಿನ ಎಲ್ಲರೂ ಕೂತು ಯಾಕೆ ನಿಂತಿತು ಅಂತ ಹುಡುಕ್ತೀವಿ. ಲಾಗ್ ತೆಗೀತೀವಿ, ವರದಿ ಬರೀತೀವಿ. ಈ ಕೆಲಸಕ್ಕೆ ಕಂಪನಿ ಸಂಬಳ ಕೊಡುತ್ತೆ.

ನಮ್ಮ ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಹೆಚ್ಚು ಕೇಸುಗಳು ಬಾಕಿ ಇವೆ. ಅದರಲ್ಲಿ ಬಹುಪಾಲು ಇರೋದು ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ. ಯಾಕೆ ಅಂತ ಕೂತು ಹುಡುಕುವವರು ಯಾರು? ಅವರಿಗೆ ಸಂಬಳ ಕೊಡೋರು ಯಾರು?

ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಚಿಕ್ಕಪ್ಪನ ಕೇಸಿನಿಂದ. ಜಮೀನು ಪಾಲಿನ ದಾವೆ, ಹಾಕಿ ಹದಿನಾಲ್ಕು ವರ್ಷ ಆಯ್ತು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ನೋಡಿ ಹೇಳೋದು ನನ್ನ ಕೆಲಸ. ಯಾವತ್ತು ನೋಡಿದ್ರೂ ಹೊಸ ತಾರೀಖು. ‘ಏನಪ್ಪಾ, ಈ ಸಲವಾದ್ರೂ ಆರ್ಡರ್ ಆಗುತ್ತಾ?’ ಅಂತ ಚಿಕ್ಕಪ್ಪ ಕೇಳಿದಾಗ ನನ್ನ ಹತ್ರ ಉತ್ತರ ಇರಲ್ಲ.

ತಾರೀಖು ಇದೆ, ಕಾರಣ ಇಲ್ಲ

ಮಾಹಿತಿಯೇ ಇಲ್ಲ ಅನ್ನೋ ಹಾಗಿಲ್ಲ. 2015ರಲ್ಲಿ ಶುರುವಾದ ನ್ಯಾಷನಲ್ ಜುಡಿಷಿಯಲ್ ಡೇಟಾ ಗ್ರಿಡ್‌ನಲ್ಲಿ ಯಾವ ಜಿಲ್ಲೆಯಲ್ಲಿ ಎಷ್ಟು ಕೇಸು, ಎಷ್ಟು ವರ್ಷದಿಂದ ಬಾಕಿ ಅನ್ನೋದನ್ನ ಯಾರು ಬೇಕಾದ್ರೂ ಫೋನಿನಲ್ಲೇ ನೋಡಬಹುದು. ಇ-ಕೋರ್ಟ್ಸ್ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಸ್ಕ್ಯಾನರ್, ಸರ್ವರ್, ವಿಡಿಯೋ ಕಾನ್ಫರೆನ್ಸ್ ಎಲ್ಲ ಬರ್ತಿದೆ. ಒಳ್ಳೇದೇ.

ಆದ್ರೆ ಡೇಟಾ ಇದ್ದ ಮಾತ್ರಕ್ಕೆ ಕಾರಣ ಗೊತ್ತಾಗಲ್ಲ. ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಪಿಯುಸಿ ಗೆಳತಿಯೊಬ್ಬಳು ಇದನ್ನ ಚೆನ್ನಾಗಿ ಬಿಡಿಸಿ ಹೇಳಿದಳು. ಕೇಸು ಯಾಕೆ ಮುಂದೆ ಹೋಯ್ತು ಅನ್ನೋದು ಇರೋದು ಆರ್ಡರ್ ಶೀಟ್‌ನಲ್ಲಿ. ಸಾಕ್ಷಿ ಬರಲಿಲ್ಲವಾ, ಸಮನ್ಸ್ ತಲುಪಲಿಲ್ಲವಾ, ವಕೀಲರು ಸಮಯ ಕೇಳಿದ್ರಾ, ನ್ಯಾಯಾಧೀಶರ ಹುದ್ದೆ ಖಾಲಿ ಇತ್ತಾ? ಇದನ್ನ ತಿಳಿಯೋಕೆ ಸಾವಿರಾರು ಕಡತ ಓದಬೇಕು. ಕೈಬರಹ ಬಿಡಿಸಬೇಕು. ಒಂದೇ ಕಾಯ್ದೆಯ ಹೆಸರನ್ನ ಒಂದೊಂದು ಕೋರ್ಟಿನಲ್ಲಿ ಒಂದೊಂದು ಥರ ಟೈಪ್ ಮಾಡಿರ್ತಾರೆ, ಅದನ್ನ ಸರಿಮಾಡಬೇಕು. ಮೂರ್ನಾಲ್ಕು ಜನಕ್ಕೆ ಎರಡು ವರ್ಷದ ಕೆಲಸ. ಅವಳು ಒಂದೇ ಒಂದು ತಾಲ್ಲೂಕು ಕೋರ್ಟಿನ ಬಗ್ಗೆ ಅಧ್ಯಯನಕ್ಕೆ ಅರ್ಜಿ ಹಾಕಿದ್ದಳು. ಅನುದಾನ ಸಿಗಲಿಲ್ಲ. ಈಗ ರಜೆಯಲ್ಲಿ, ತನ್ನ ಕೈಯಿಂದಲೇ ಜೆರಾಕ್ಸ್‌ಗೆ ದುಡ್ಡು ಕೊಟ್ಟು ಮಾಡ್ತಿದ್ದಾಳೆ.

ಅಧ್ಯಯನ ಮಾಡಿದ್ರೆ ಏನಾಗುತ್ತೆ?

‘ವರದಿ ಬರೆದು ಕಪಾಟಿನಲ್ಲಿ ಇಡೋಕೆ ಯಾಕೆ ದುಡ್ಡು?’ ಅಂತ ಕೇಳೋರಿದ್ದಾರೆ. ಅವರಿಗೊಂದು ಉದಾಹರಣೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ವಿದ್ಯಾರ್ಥಿಗಳು ದೇಶದ ಜೈಲುಗಳಿಗೆ ಹೋಗಿ ಮರಣದಂಡನೆಗೆ ಒಳಗಾದ 373 ಕೈದಿಗಳನ್ನು ಮಾತಾಡಿಸಿದರು. 2016ರಲ್ಲಿ ವರದಿ ಬಂತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಆರ್ಥಿಕವಾಗಿ ದುರ್ಬಲರು. ತಮ್ಮ ಪರ ವಕೀಲರ ಜೊತೆ ಸರಿಯಾಗಿ ಮಾತಾಡೋಕೂ ಆಗದವರು ಎಷ್ಟೋ ಮಂದಿ. ಅಲ್ಲಿಯವರೆಗೆ ಗಲ್ಲು ಶಿಕ್ಷೆ ಯಾರಿಗೆ ಬೀಳ್ತಿದೆ ಅನ್ನೋ ಪೂರ್ತಿ ಚಿತ್ರವೇ ದೇಶದ ಮುಂದೆ ಇರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಮನೋಜ್ ಪ್ರಕರಣದಲ್ಲಿ, ಗಲ್ಲು ವಿಧಿಸುವ ಮೊದಲು ಆರೋಪಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನ ನಡತೆಯ ಮಾಹಿತಿಯನ್ನು ವಿಚಾರಣಾ ಕೋರ್ಟು ತರಿಸಿಕೊಳ್ಳಬೇಕು ಅಂತ ಹೇಳಿತು. ಆ ವರದಿ ಎತ್ತಿದ್ದ ಪ್ರಶ್ನೆಗಳೂ ಇವೇ ಆಗಿದ್ದವು.

ಇನ್ನೊಂದು, ನಮ್ಮ ಕ್ಷೇತ್ರಕ್ಕೆ ಹತ್ತಿರದ್ದು. 2010ರಿಂದ 2018ರವರೆಗಿನ ಸುಮಾರು 8 ಕೋಟಿ ಇ-ಕೋರ್ಟ್ಸ್ ದಾಖಲೆಗಳನ್ನು ಒಟ್ಟುಮಾಡಿ, ನ್ಯಾಯಾಧೀಶರು ತಮ್ಮದೇ ಧರ್ಮದ, ತಮ್ಮದೇ ಲಿಂಗದ ಆರೋಪಿಗಳ ಕಡೆ ವಾಲುತ್ತಾರಾ ಅಂತ ಒಂದು ತಂಡ ಪರೀಕ್ಷಿಸಿತು. ಸರಾಸರಿಯಲ್ಲಿ ಅಂಥ ದೊಡ್ಡ ಪಕ್ಷಪಾತ ಕಾಣಲಿಲ್ಲ. ಚಹಾದಂಗಡಿ ಚರ್ಚೆಗಳಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ? ಆದ್ರೆ ಗಮನಿಸಿ: ತಂಡದ ಮುಖ್ಯ ಸಂಶೋಧಕರಲ್ಲಿ ಹಲವರು ವಿದೇಶಿ ವಿಶ್ವವಿದ್ಯಾಲಯಗಳವರು. ಕೋರ್ಟು ನಮ್ಮದು, ಕೇಸು ನಮ್ಮದು, ಕೂತು ಲೆಕ್ಕ ಹಾಕೋ ಅವಕಾಶ ಮಾತ್ರ ಅಲ್ಲಿ.

ದುಡ್ಡಿನ ದಾರಿ

ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಸ್ಥಾಪನೆಯಾಗಿದ್ದು ಕರ್ನಾಟಕ ವಿಧಾನಮಂಡಲದ ಕಾಯ್ದೆಯಿಂದ. ಆ ಮಾದರಿಯಲ್ಲಿ ದೇಶದ ತುಂಬ ಕಾನೂನು ವಿಶ್ವವಿದ್ಯಾಲಯಗಳು ಬಂದವು. ಆದರೆ ಇವುಗಳಲ್ಲಿ ಹೆಚ್ಚಿನವು ನಡೆಯೋದು ವಿದ್ಯಾರ್ಥಿಗಳ ಶುಲ್ಕದ ಮೇಲೆ. ಶುಲ್ಕದ ದುಡ್ಡು ಪಾಠಕ್ಕೆ, ಹಾಸ್ಟೆಲ್‌ಗೆ, ಸಂಬಳಕ್ಕೆ ಹೋಗುತ್ತೆ. ಎರಡು ವರ್ಷದ ಸಂಶೋಧನೆಗೆ ಉಳಿಯೋದು ಕಷ್ಟ.

ಸರ್ಕಾರದ ಕಡೆಯಿಂದ ಐಸಿಎಸ್ಎಸ್ಆರ್ ಇದೆ, ನ್ಯಾಯ ಇಲಾಖೆಯ ಸಂಶೋಧನಾ ಯೋಜನೆಯೂ ಇದೆ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ. ಆದರೆ ಅಲ್ಲಿ ಸಮಾಜವಿಜ್ಞಾನಕ್ಕೆ ಜಾಗ ಇರೋದು ವಿಜ್ಞಾನ, ತಂತ್ರಜ್ಞಾನದ ಜೊತೆ ಸೇರುವ ಕಡೆ ಮಾತ್ರ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ನಿಯಮ ಬಿಗಿ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ.

ಇನ್ನು ನಮ್ಮ ಕಂಪನಿಗಳ ಸಿಎಸ್‌ಆರ್. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಕಂಪನಿ ಕಾಯ್ದೆಯ ಏಳನೇ ಪರಿಚ್ಛೇದದಲ್ಲಿ ಸಂಶೋಧನೆ ಅನ್ನೋ ಮಾತು ಬರೋ ಕಡೆ ಹೆಸರಿಸಿರೋದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ. ಕಾನೂನು ಅಲ್ಲಿಲ್ಲ. ‘ಶಿಕ್ಷಣ’ ಅನ್ನೋ ಬಾಗಿಲಿನಿಂದ ಒಳಗೆ ಬರಬಹುದು, ಆದರೆ ಶಾಲೆಗೆ ಬೆಂಚು ಕೊಟ್ಟರೆ ಫೋಟೋ ಸಿಗುತ್ತೆ. ಆರ್ಡರ್ ಶೀಟ್ ಓದಿದ್ರೆ ಏನು ಫೋಟೋ ಬರುತ್ತೆ ಹೇಳಿ!

ಕೊಡೋರ ಹಿಡಿತ

ಒಂದು ಆತಂಕವೂ ನ್ಯಾಯವೇ. ಕೋರ್ಟಿನಲ್ಲಿ ಅತಿ ಹೆಚ್ಚು ಕೇಸು ಇರೋ ಕಕ್ಷಿದಾರ ಸರ್ಕಾರ. ದೊಡ್ಡ ಕಂಪನಿಗಳ ಕೇಸುಗಳೂ ಕಡಿಮೆ ಇಲ್ಲ. ಇವರೇ ದುಡ್ಡು ಕೊಟ್ಟರೆ ಸಂಶೋಧಕರು ಧೈರ್ಯವಾಗಿ ಬರೀತಾರಾ? ಇದಕ್ಕೆ ನನಗೆ ತೋಚೋ ದಾರಿ ಮೂರು. ಯಾರಿಂದ ಎಷ್ಟು ಬಂತು ಅಂತ ವರದಿಯ ಮೊದಲ ಪುಟದಲ್ಲೇ ಇರಲಿ. ಡೇಟಾ ಎಲ್ಲರಿಗೂ ತೆರೆದಿರಲಿ, ಬೇರೆಯವರೂ ಲೆಕ್ಕ ಹಾಕಿ ನೋಡಲಿ. ಒಬ್ಬರೇ ಕೊಡೋ ಬದಲು ಹಲವರ ದುಡ್ಡು ಒಂದೇ ನಿಧಿಗೆ ಬಂದು, ಹಂಚೋ ನಿರ್ಧಾರ ವಿಶ್ವವಿದ್ಯಾಲಯದ ಸಮಿತಿಯದಾಗಲಿ.

ಕಾನೂನಿನ ಆಳ್ವಿಕೆ ಅಂದ್ರೆ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಕಾನೂನು ಅಂತ ಶಾಲೆಯಲ್ಲಿ ಓದಿದ್ದೀವಿ. ಹದಿನಾಲ್ಕು ವರ್ಷ ಕಾಯೋಕೆ ದುಡ್ಡಿರೋನಿಗೆ ಕಾನೂನು ಒಂದು ಥರ, ಇಲ್ಲದೋನಿಗೆ ಇನ್ನೊಂದು ಥರ ಆದ್ರೆ ಆ ಪಾಠಕ್ಕೆ ಅರ್ಥ ಏನು? ಎಲ್ಲಿ ತಡವಾಗ್ತಿದೆ ಅಂತ ಗೊತ್ತಾಗದೆ ಅದನ್ನ ಸರಿಮಾಡೋಕೆ ಆಗಲ್ಲ.

ನಿಮ್ಮ ಆಫೀಸಿನಲ್ಲೂ ಸಿಎಸ್‌ಆರ್ ತಂಡ ಇರುತ್ತೆ. ಮುಂದಿನ ಸಲ ಅವರು ಸಲಹೆ ಕೇಳಿ ಮೇಲ್ ಕಳಿಸಿದಾಗ ಹತ್ತಿರದ ಕಾನೂನು ಕಾಲೇಜಿನ ಹೆಸರೊಂದನ್ನ ಬರೆದು ನೋಡಿ. ಕೋಡ್ ಬರೆಯೋಕೆ ಬಂದ್ರೆ ಶನಿವಾರದ ಎರಡು ಗಂಟೆ ಕೊಡಿ; ಡೇಟಾ ಸರಿಮಾಡೋಕೆ ಅವರಿಗೆ ಕೈಗಳು ಬೇಕು. ನಾನು ಗೆಳತಿಗೆ ಸ್ಕ್ಯಾನ್ ಮಾಡಿದ ಪುಟ ವಿಂಗಡಿಸೋ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೀನಿ. ಮುನ್ನೂರು ಕಡತ ಮುಗಿದಿವೆ, ಇನ್ನೂ ಸಾವಿರದ ಇನ್ನೂರು ಇವೆ.