ಬ್ಯಾಗ್ ಬೀಗದ ಕೀ ಕಳೆದುಹೋಯ್ತಾ? ಬ್ಯಾಗ್ ಕುಯ್ಯೋಕೆ ಮುಂಚೆ ಇದನ್ನ ಓದಿ

ಹಳೇಬೀಡು: ಮದುವೆಗೋ, ಧರ್ಮಸ್ಥಳಕ್ಕೋ, ಬೆಂಗಳೂರಿಗೋ ಹೋಗಿ ಬಂದು ಬ್ಯಾಗ್ ಇಳಿಸಿದ ಮೇಲೆ ಬೀಗದ ಕೀ ಇಲ್ಲ ಅಂತ ಗೊತ್ತಾದ್ರೆ ಮನೆಮಂದಿಯೆಲ್ಲ ಗಾಬರಿ. ಒಳಗೆ ಬಿಪಿ, ಶುಗರ್ ಮಾತ್ರೆ ಇರುತ್ತೆ, ಮಕ್ಕಳ ಹಾಲ್ ಟಿಕೆಟ್ ಇರುತ್ತೆ. ಸಿಟ್ಟಲ್ಲಿ ಚಾಕು ತಗೊಂಡು ಎರಡು ಸಾವಿರ ರೂಪಾಯಿ ಬ್ಯಾಗನ್ನೇ ಕುಯ್ದು, ಐವತ್ತು ರೂಪಾಯಿ ಬೀಗ ಉಳಿಸಿಕೊಳ್ಳೋರೂ ಇದ್ದಾರೆ. ಕಡಿಮೆ ಬೆಲೆಯದ್ದನ್ನ ಮೊದಲು ಮುರೀಬೇಕು. ಮೊದಲು ಬೀಗ, ಆಮೇಲೆ ಜಿಪ್ಪಿನ ರನ್ನರ್, ಕೊನೆಗೆ ಬ್ಯಾಗ್.

ಮೊದಲು ಬೀಗ ಯಾವುದು ನೋಡಿ

ನಂಬರ್ ಲಾಕ್ ಇರೋ ಟ್ರಾಲಿ ಬ್ಯಾಗಿನಲ್ಲಿ ಕೆಂಪು ಗುರುತಿನ ಪಕ್ಕ ಒಂದು ಕೀ ತೂತು ಇದ್ರೆ ಅದರ ಕೀ ಹುಡುಕಬೇಡಿ. ಅದನ್ನ ಬ್ಯಾಗ್ ಜೊತೆ ಕೊಡೋದೇ ಇಲ್ಲ. ಅದು ಟಿಎಸ್‌ಎ ಲಾಕ್. ಅಮೆರಿಕದ ಏರ್‌ಪೋರ್ಟ್ ತಪಾಸಣೆಯವರು ತಮ್ಮ ಮಾಸ್ಟರ್ ಕೀ ಹಾಕಿ ತೆಗೆಯೋಕೆ ಬಿಟ್ಟಿರೋ ತೂತು ಅದು. ನೀವು ತೆಗೀಬೇಕಾಗಿರೋದು ನಂಬರಿನಿಂದಲೇ.

ನಂಬರ್ ಮರೆತಿದ್ರೆ ಮೊದಲು 0-0-0 ಹಾಕಿ ನೋಡಿ. ಹೊಸ ಬ್ಯಾಗ್ ಸಾಮಾನ್ಯವಾಗಿ ಇದೇ ನಂಬರಿನಲ್ಲಿ ಬರುತ್ತೆ. ಆಗಲಿಲ್ಲ ಅಂದ್ರೆ 001, 002 ಅಂತ ಸಾಲಾಗಿ ಹೋಗಿ, ಒಂದೊಂದು ನಂಬರಿಗೂ ಬಟನ್ ಒತ್ತಿ ನೋಡಿ. ಮೂರು ಚಕ್ರದ ಬೀಗಕ್ಕೆ ಇರೋದು ಒಟ್ಟು 1000 ನಂಬರ್. ಒಂದಕ್ಕೆ ಎರಡು ಸೆಕೆಂಡ್ ಅಂದ್ರೂ ಹೆಚ್ಚೆಂದರೆ ಅರ್ಧ ಗಂಟೆ ಚಿಲ್ಲರೆ ಸಮಯ. ಮನೇಲಿ ಕೂತು ಮಾಡಬಹುದು, ಖರ್ಚಿಲ್ಲ.

ಚಿಕ್ಕ ಬೀಗ ಆದ್ರೆ

ಕೀ ಬೀಗ ಆದ್ರೆ ಮೊದಲು ಮನೇಲಿರೋ ಬೇರೆ ಲಗೇಜ್ ಬೀಗಗಳ ಕೀ ಹಾಕಿ ನೋಡಿ. ಕಡಿಮೆ ಬೆಲೆ ಬೀಗಗಳಲ್ಲಿ ಕೀ ನಮೂನೆ ಕೆಲವೇ ಇರೋದ್ರಿಂದ ಎಷ್ಟೋ ಸಲ ಒಂದರದ್ದು ಇನ್ನೊಂದಕ್ಕೆ ಆಗುತ್ತೆ. ಬಲವಂತ ಮಾಡಬೇಡಿ. ಕೀ ಒಳಗೇ ಮುರಿದ್ರೆ ಕೆಲಸ ಎರಡಾಗುತ್ತೆ.

ಆಗಲಿಲ್ಲ ಅಂದ್ರೆ ಬೀಗದ ಕೊಂಡಿ ಕತ್ತರಿಸಿ. ತೆಳು ಕೊಂಡಿಗೆ ಕಟಿಂಗ್ ಪ್ಲೇಯರ್ ಅಥವಾ ಆಕ್ಸಾ ಬ್ಲೇಡ್ ಸಾಕು. ಗಟ್ಟಿ ಉಕ್ಕಿನ ಕೊಂಡಿ ಆದ್ರೆ ಬ್ಲೇಡಿಗೆ ಬಗ್ಗಲ್ಲ, ಬೋಲ್ಟ್ ಕಟ್ಟರ್ ಇರೋ ಕಡೆ ತಗೊಂಡು ಹೋಗಿ. ಗ್ರೈಂಡರ್ ಬೇಡ, ಕಿಡಿ ಹಾರಿ ಬ್ಯಾಗ್ ಬಟ್ಟೆ ಸುಡುತ್ತೆ. ಕೀ ಮಾಡೋರನ್ನ ಹುಡುಕಿಕೊಂಡು 16 ಕಿ.ಮೀ. ದೂರದ ಬೇಲೂರಿಗೋ, ಇನ್ನೂ ದೂರದ ಹಾಸನಕ್ಕೋ ಬಸ್ ಹತ್ತೋಕೆ ಮುಂಚೆ ಲೆಕ್ಕ ಹಾಕಿ. ಬೀಗದ ಬೆಲೆಗಿಂತ ಬಸ್ ಚಾರ್ಜೇ ಜಾಸ್ತಿ ಆಗಬಹುದು. ಸೂಟ್‌ಕೇಸ್ ಒಳಗೇ ಕೂಡಿಸಿರೋ ಬೀಗ ಆದ್ರೆ ಮಾತ್ರ ಕೀ ಮಾಡೋರ ಹತ್ರ ಹೋಗೋದು ವಾಸಿ.

ಅಂಗಡಿಯವರಿಗೆ ಒಂದು ಮಾತು

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರದ ಜೊತೆ ನಮ್ಮ ಹೊಯ್ಸಳೇಶ್ವರ ದೇವಸ್ಥಾನವೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಊರಿಗೆ ಬರೋರು ಹೆಚ್ಚಿನವರು ಪರಊರಿನವರು, ಗುರುತು ಪರಿಚಯ ಇರಲ್ಲ. "ಅಣ್ಣ, ಕೀ ಕಳೆದುಹೋಯ್ತು, ಸ್ವಲ್ಪ ಬೀಗ ಒಡೆದುಕೊಡಿ" ಅಂತ ಹಾರ್ಡ್‌ವೇರ್ ಅಂಗಡಿಗೋ, ವೆಲ್ಡಿಂಗ್ ಶಾಪಿಗೋ ಬಂದ್ರೆ ಸಹಾಯ ಮಾಡೋದು ಸರಿ. ಆದ್ರೆ ಬ್ಯಾಗ್ ಅವರದ್ದೇನಾ?

ಒಳಗೆ ಏನೇನಿದೆ ಅಂತ ಮೊದಲೇ ಕೇಳಿ. ಬೀಗವನ್ನ ಅವರ ಮುಂದೆಯೇ ಕತ್ತರಿಸಿ. ತೆರೆದ ಮೇಲೆ ಹೇಳಿದ್ದು ತಾಳೆ ಆಗುತ್ತಾ ನೋಡಿ. ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಳ್ಳೋದು, 334ನೇ ಕಲಂ ಪ್ರಕಾರ ಅಪ್ರಾಮಾಣಿಕ ಉದ್ದೇಶದಿಂದ ಬೀಗ ಹಾಕಿದ ಪೆಟ್ಟಿಗೆ ಒಡೆಯೋದು ಅಪರಾಧ. ಗೊತ್ತಿಲ್ಲದೆ ಒಳ್ಳೇ ಮನಸ್ಸಿಂದ ಮಾಡಿದ್ರೆ ಅದು ಬೇರೆ ಮಾತು, ಆದ್ರೂ ಸ್ಟೇಷನ್ನಿಗೆ ಓಡಾಡೋದು ಯಾರಿಗೆ ಬೇಕು? ವಾರಸುದಾರರೇ ಇಲ್ಲದ ಬ್ಯಾಗ್ ಕಂಡ್ರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ.

ಮುಂದಿನ ಸಲಕ್ಕೆ

ಬೀಗದ ಜೊತೆ ಬರೋ ಎರಡು ಕೀಯನ್ನೂ ಒಂದೇ ರಿಂಗಿಗೆ ಹಾಕಬೇಡಿ. ಒಂದು ನಿಮ್ಮ ಹತ್ರ, ಇನ್ನೊಂದು ಜೊತೇಲಿ ಬರೋರ ಹತ್ರ ಇರಲಿ. ಕೀ ಫೋಟೋನ ಸ್ಟೇಟಸ್ಸಿಗೆ ಹಾಕಬೇಡಿ. 2015ರಲ್ಲಿ ಆ ಟಿಎಸ್‌ಎ ಮಾಸ್ಟರ್ ಕೀಗಳ ಫೋಟೋ ನೋಡಿಕೊಂಡೇ ಜನ ಥ್ರೀಡಿ ಪ್ರಿಂಟರಿನಲ್ಲಿ ನಕಲು ಕೀ ಮಾಡಿಬಿಟ್ಟಿದ್ರು.

ಬೀಗ ಇದೆ ಅಂತ ಪೂರ್ತಿ ನಂಬೋದೂ ಬೇಡ. ನೈಲಾನ್ ಜಿಪ್ಪನ್ನ ಬೀಗ ಮುಟ್ಟದೇನೇ ಬಿಡಿಸಬಹುದು. ಅರಸೀಕೆರೆಯಲ್ಲಿ ರೈಲು ಹತ್ತೋರು ಇನ್ನೊಂದು ವಿಷಯ ತಿಳ್ಕೊಳ್ಳಿ. ನಿಮ್ಮ ಜೊತೆಗೇ ಇಟ್ಟುಕೊಂಡ ಲಗೇಜ್ ಕಳುವಾದ್ರೆ, ರೈಲ್ವೆಯವರ ನಿರ್ಲಕ್ಷ್ಯ ಅಥವಾ ತಪ್ಪು ಅಂತ ಸಾಬೀತಾದ್ರೆ ಮಾತ್ರ ಅವರು ಜವಾಬ್ದಾರರು ಅಂತ 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಹೇಳುತ್ತೆ. ಹಾಗಾಗಿ ಒಡವೆ, ದುಡ್ಡು, ಮಾತ್ರೆ, ಕಾಗದ ಪತ್ರ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗಿನಲ್ಲಿ ಬರೀ ಬಟ್ಟೆ ಇದ್ರೆ ಕೀ ಕಳೆದ್ರೂ ಬೆಳಗ್ಗೆವರೆಗೆ ಕಾಯಬಹುದು.